ಮನೆಯವರ ನಂಬಿಕೆ ನಿಮ್ಮದಾಗಬೇಕಾದರೆ

ಹುಟ್ಟಿದ ಮೇಲೆ ದೀಕ್ಷಾಸ್ನಾನ, ನಡೆಯೋಕೆ ಬಂದ ಮೇಲೆ ಸಂಡೇ ಸ್ಕೂಲ್, ಬೇಸಿಗೆ ರಜೆಗೆ ವಿ.ಬಿ.ಎಸ್. (ಮಕ್ಕಳ ರಜಾ ಬೈಬಲ್ ಶಾಲೆ), ಡಿಸೆಂಬರ್ ಚಳಿಯಲ್ಲಿ ಮನೆಮನೆಗೆ ಕ್ಯಾರಲ್ಸ್. ಕ್ರೈಸ್ತರ ಮನೆಯ ಮಕ್ಕಳಿಗೆ ಹದಿನೆಂಟು ವರ್ಷ ಹೀಗೇ ಕಳೆದುಹೋಗುತ್ತದೆ. ಇದರಲ್ಲಿ ಯಾವುದನ್ನೂ ನಾವಾಗಿ ಆರಿಸಿಕೊಂಡಿರುವುದಿಲ್ಲ. ಆಮೇಲೆ ಕಾಲೇಜಿನಲ್ಲೋ ಕೆಲಸದ ಜಾಗದಲ್ಲೋ ಯಾರೋ ಒಬ್ಬರು ಕೇಳುತ್ತಾರೆ: "ನೀವು ಇದನ್ನೆಲ್ಲ ನಿಜವಾಗ್ಲೂ ನಂಬ್ತೀರಾ?" ಹೌದು ಅಂದರೆ ಯಾಕೆ ಅಂತ ಹೇಳಬೇಕು. ಇಲ್ಲ ಅನ್ನೋಣ ಅಂದರೆ ಅಮ್ಮನ ಮುಖ ಕಣ್ಣ ಮುಂದೆ ಬರುತ್ತದೆ.

ಆ ಪ್ರಶ್ನೆಗೆ ಹೆದರಬೇಡಿ. ಅದು ಬಂದ ದಿನದಿಂದಲೇ ಕೆಲಸ ಶುರು ಮಾಡಿ.

ನಾನು ತುಮಕೂರಿನವನು. ವಸಂತನರಸಾಪುರದ ಒಂದು ಫ್ಯಾಕ್ಟರಿಯ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಭಾನುವಾರ ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಚರ್ಚ್‌ನಲ್ಲಿ ಅಯ್ಯನವರ, ಅಂದರೆ ಪಾಸ್ಟರ್ ಅವರ ಜೊತೆ ದೃಢೀಕರಣದ ಕ್ಲಾಸ್ ನಡೆಸುತ್ತೇನೆ. ದೃಢೀಕರಣ ಅಂದರೆ ಬೆಳೆದ ಮೇಲೆ ಇದು ನನ್ನದೇ ನಂಬಿಕೆ ಅಂತ ಎಲ್ಲರ ಮುಂದೆ ಹೇಳುವ ಕ್ರಮ. ಕ್ಲಾಸ್ ಮುಗಿದ ಮೇಲೆ ಹುಡುಗರು, ಹುಡುಗಿಯರು "ಅಣ್ಣಾ, ಒಂದ್ನಿಮಿಷ" ಅಂತ ನಿಲ್ಲಿಸಿಕೊಂಡು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಕೊನೆಗೆ ನೀವು ಮುಟ್ಟಬೇಕಾದ ಜಾಗ ಇದು: ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರ ಎದುರು ಕೂತು, ಏನು ನಂಬುತ್ತೀರಿ, ಯಾಕೆ ನಂಬುತ್ತೀರಿ ಅಂತ ನಿಮ್ಮದೇ ಮಾತಲ್ಲಿ ಹೇಳೋಕೆ ಬರಬೇಕು. ತಡವರಿಸಿದರೂ ಪರವಾಗಿಲ್ಲ. ಬಾಯಿಪಾಠ ಒಪ್ಪಿಸಿದ ಹಾಗೆ ಇರಬಾರದು, ಅಷ್ಟೇ.

ಮೊದಲು ಅಜ್ಜಿಯ ಹತ್ತಿರ ಕೂರಿ

ಸತ್ಯವೇದ (ಬೈಬಲ್) ತೆಗೆಯುವುದಕ್ಕೂ ಮೊದಲು ಇದನ್ನು ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನಿಮ್ಮ ಮನೆಗೆ ಈ ನಂಬಿಕೆ ಹೇಗೆ ಬಂತು? ಯಾರ ಕಾಲದಲ್ಲಿ ಬಂತು? ಇದನ್ನು ಹೇಳಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ ಉಳಿದಿರುತ್ತಾರೆ. ಅವರು ಹೋದರೆ ಕಥೆಯೂ ಹೋಯಿತು.

ಕೇಳುವುದಕ್ಕೆ ಒಂದು ಕ್ರಮ ಇದೆ. "ನಾವು ಯಾಕೆ ಮತ ಬದಲಾಯಿಸಿದ್ವಿ?" ಅಂತ ನೇರವಾಗಿ ಕೇಳಿದರೆ ಹಿರಿಯರು ಸುಮ್ಮನಾಗುತ್ತಾರೆ, ಇಲ್ಲಾ ಪ್ರಸಂಗ ಶುರು ಮಾಡುತ್ತಾರೆ. ಸಣ್ಣ ಪ್ರಶ್ನೆ ಕೇಳಿ. ಯಾವ ಊರು, ಯಾವ ಬೀದಿ? ನೀರು ಎಲ್ಲಿಂದ ತರುತ್ತಿದ್ದರು? ಮನೆಯಲ್ಲಿ ಮೊದಲು ಅಕ್ಷರ ಕಲಿತವರು ಯಾರು, ಕಲಿಸಿದವರು ಯಾರು? ದೀಕ್ಷಾಸ್ನಾನ ಆದಾಗ ಸಿಟ್ಟು ಮಾಡಿಕೊಂಡ ನೆಂಟರು ಯಾರು? ಕೈಗೆ ಏನಾದರೂ ಕೆಲಸ ಇರುವ ಹೊತ್ತು ನೋಡಿ ಕೂರಿ. ಅವರೆಕಾಯಿ ಕಾಲದಲ್ಲಿ ಸುಲಿಯೋಕೆ ಕೂತರೆ ಎರಡು ಗಂಟೆ ಹೋಗಿದ್ದೇ ಗೊತ್ತಾಗುವುದಿಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಹಾಕಿ, ಹಾಕಿದ್ದೇನೆ ಅಂತ ಅವರಿಗೂ ಹೇಳಿ.

ನಮ್ಮ ಮನೆಯದು ಗುಬ್ಬಿ ಕಡೆಯ ಹಳ್ಳಿ. ವೆಸ್ಲಿಯನ್ ಮಿಷನರಿ ಥಾಮಸ್ ಹಾಡ್ಸನ್ 1837ರಲ್ಲಿ ಗುಬ್ಬಿಯಲ್ಲಿ ಕೆಲಸ ಶುರು ಮಾಡಿದರು ಅಂತ ಸಭೆಯ ಚರಿತ್ರೆಯಲ್ಲಿ ಓದಿದ್ದೆ. ಆದರೆ ಅದು ನನ್ನ ಕಥೆ ಅಂತ ಅನ್ನಿಸಿದ್ದು ಅಜ್ಜಿ ಹೇಳಿದ ಮೇಲೆ. ನಮ್ಮ ಮುತ್ತಾತ ಹುಡುಗನಾಗಿದ್ದಾಗ ಊರಿನ ಬಾವಿಗೆ ಇಳಿಯುವ ಹಾಗಿರಲಿಲ್ಲ. ಊರ ಶಾಲೆಯಲ್ಲಿ ಹೊರಗೆ ನಿಂತು ಕೇಳಬೇಕಿತ್ತು. ಮಿಷನ್ ಶಾಲೆಗೆ ಹೋದ ದಿನ ಮೇಷ್ಟ್ರು ಹಲಗೆ ಕೊಟ್ಟು ಒಳಗೆ ಕರೆದರಂತೆ. ಅಜ್ಜಿಯ ಮಾತು ಹೀಗಿತ್ತು: "ನಿಮ್ಮ ಮುತ್ತಾತಂಗೆ ಜೀವ್ಮಾನದಲ್ಲಿ ಮೊದಲ್ನೇ ಸಲ ಒಬ್ರು 'ಬಾ, ಕೂತ್ಕೋ' ಅಂದದ್ದು ಅಲ್ಲಿ ಕಣಪ್ಪಾ." ನಂಬಿಕೆ ಬಂದದ್ದು ಆಮೇಲೆ, ನಿಧಾನಕ್ಕೆ. ಮೊದಲು ಬಂದದ್ದು ಆ ಮಾತು.

ಇದು ಯಾಕೆ ಬೇಕು ಅಂದರೆ, "ಹಾಲಿನ ಪುಡಿಗೆ ಹೋದವರು", ಅಂದರೆ ಹಾಲಿನ ಪುಡಿಯ ಆಸೆಗೆ ಮತ ಬದಲಾಯಿಸಿದವರು ಅನ್ನುವ ಮಾತು ನಿಮ್ಮ ಕಿವಿಗೂ ಬಿದ್ದೇ ಬೀಳುತ್ತದೆ. ಕೇಳಿದಾಗ ಮೈ ಉರಿಯುತ್ತದೆ. ಜಗಳ ಆಡಬೇಡಿ, ತಲೆಯನ್ನೂ ತಗ್ಗಿಸಬೇಡಿ. ಗೆಳೆಯ ಅಂತ ಅನ್ನಿಸಿದವರಿಗೆ ನಿಮ್ಮ ಮುತ್ತಾತನ ಕಥೆ ಹೇಳಿ. ಕಥೆ ಗೊತ್ತಿಲ್ಲದವರಿಗೆ ಮಾತ್ರ ಆ ಚುಚ್ಚು ಮಾತಿನ ಮುಂದೆ ಉತ್ತರ ಇರುವುದಿಲ್ಲ.

ಮನೆಯ ಕಥೆ ಆದ ಮೇಲೆ ಸಭೆಯ ರಿಜಿಸ್ಟರ್. ಹಳೆಯ ಸಭೆಗಳಲ್ಲಿ ದೀಕ್ಷಾಸ್ನಾನ, ಮದುವೆ, ಸಮಾಧಿ ಮೂರಕ್ಕೂ ಬೇರೆ ಬೇರೆ ಪುಸ್ತಕ ಇರುತ್ತವೆ. ಭಾನುವಾರದ ಗಡಿಬಿಡಿಯಲ್ಲಿ ಕೇಳಬೇಡಿ. ವಾರದ ಮಧ್ಯೆ ಒಂದು ಸಂಜೆ ಅಯ್ಯನವರಿಗೆ ಮೊದಲೇ ಫೋನ್ ಮಾಡಿ ಹೋಗಿ. ಕೈ ತೊಳೆದು ಒರೆಸಿಕೊಳ್ಳಿ. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಬೇಡಿ, ಹಳೆಯ ಕಾಗದ ಪುಡಿಯಾಗುತ್ತದೆ. ಮಗುವಿನ ಹೆಸರು, ತಂದೆತಾಯಿಯ ಹೆಸರು, ಊರು, ಕಸುಬು, ದೀಕ್ಷಾಸ್ನಾನ ಕೊಟ್ಟವರ ಸಹಿ ಒಂದೇ ಸಾಲಿನಲ್ಲಿ ಸಿಗುತ್ತವೆ. ನಮ್ಮ ತಾತನ ಸಾಲಿನಲ್ಲಿ ಅಪ್ಪನ ಕಸುಬು "ಕೂಲಿ" ಅಂತ ಇದೆ. ತಾತನ ಮಕ್ಕಳ ಸಾಲಿಗೆ ಬರುವಷ್ಟರಲ್ಲಿ ಅದೇ ಕಾಲಂನಲ್ಲಿ "ಉಪಾಧ್ಯಾಯ" ಅಂತ ಇದೆ. ಆ ಎರಡು ಸಾಲು ನೋಡಿ ನಾನು ಬಹಳ ಹೊತ್ತು ಅಲ್ಲೇ ಕೂತಿದ್ದೆ. ಇನ್ನೂ ಹಿಂದಕ್ಕೆ ಹೋಗಬೇಕು ಅನ್ನುವವರಿಗೆ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಹಳೆಯ ಮಿಷನ್ ದಾಖಲೆಗಳ ಸಂಗ್ರಹ ಇದೆ.

ನಮ್ಮ ಮೂರು ಜಿಲ್ಲೆಗಳ ಕಥೆ ಒಂದೇ ಥರ ಇಲ್ಲ ಅನ್ನುವುದೂ ನೆನಪಿರಲಿ. ತುಮಕೂರಿಗೆ ಬಂದವರು ಇಂಗ್ಲೆಂಡಿನ ವೆಸ್ಲಿಯನ್ನರು. ಚಿಕ್ಕಬಳ್ಳಾಪುರದಲ್ಲಿ ಕೆಲಸ ಮಾಡಿದ್ದು ಲಂಡನ್ ಮಿಷನ್, ಅಲ್ಲಿನ ಸಿ.ಎಸ್.ಐ. ಆಸ್ಪತ್ರೆ ಅವರು ಕಟ್ಟಿದ್ದು. ಕೋಲಾರದಲ್ಲಿ ಅಮೆರಿಕದ ಮೆಥಡಿಸ್ಟರು, ಅಲ್ಲಿಯ ಇ.ಟಿ.ಸಿ.ಎಂ. ಆಸ್ಪತ್ರೆ ಅವರದು. 1947ರ ಸೆಪ್ಟೆಂಬರ್ 27ರಂದು, ದೇಶಕ್ಕೆ ಸ್ವಾತಂತ್ರ್ಯ ಬಂದ ಸ್ವಲ್ಪ ದಿನಕ್ಕೆ, ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ವೆಸ್ಲಿಯನ್ನರ, ಲಂಡನ್ ಮಿಷನ್‌ನವರ ಸಭೆಗಳು ಅದರಲ್ಲಿ ಸೇರಿದವು. ಕೋಲಾರದ ಮೆಥಡಿಸ್ಟರು ಸೇರಲಿಲ್ಲ, ಅದಕ್ಕೇ ಅವರು ಇವತ್ತಿಗೂ ಮೆಥಡಿಸ್ಟ್ ಸಭೆಯವರು. ಕೆ.ಜಿ.ಎಫ್.ನಲ್ಲಿ ಗಣಿ ಕೆಲಸಕ್ಕೆ ಬಂದ ತಮಿಳು ಕುಟುಂಬಗಳ ಸಭೆಗಳು ಬೇರೆಯೇ ಇವೆ. ಗೆಳತಿಯ ಚರ್ಚ್‌ನಲ್ಲಿ ನಿಮ್ಮ ಚರ್ಚ್‌ನ ಹಾಗೆ ಯಾಕಿಲ್ಲ ಅಂತ ತಲೆ ಕೆಡಿಸಿಕೊಳ್ಳುವವರಿಗೆ ಇಷ್ಟು ಗೊತ್ತಿದ್ದರೆ ಅರ್ಧ ಗೊಂದಲ ಕಮ್ಮಿಯಾಗುತ್ತದೆ.

ಮಾರ್ಕನಿಂದ ಶುರು ಮಾಡಿ

ಜನವರಿ ಒಂದಕ್ಕೆ ಆದಿಕಾಂಡ ಹಿಡಿದು ಫೆಬ್ರವರಿಯಲ್ಲಿ ಯಾಜಕಕಾಂಡಕ್ಕೆ ಬಂದು ನಿಂತುಬಿಡುವುದು ಎಲ್ಲ ಮನೆಯಲ್ಲೂ ನಡೆಯುತ್ತದೆ. ದೊಡ್ಡವರಾಗಿ ಮತ್ತೆ ಓದುವವರು ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಒಂದು ಮಧ್ಯಾಹ್ನ ಕೂತರೆ ಮುಗಿಯುತ್ತದೆ. ಸಂಡೇ ಸ್ಕೂಲಿನಲ್ಲಿ ತುಂಡು ತುಂಡಾಗಿ ಕೇಳಿದ ಕಥೆಗಳು ಮೊದಲ ಸಲ ಒಂದಕ್ಕೊಂದು ಸೇರಿಕೊಂಡು ಬರುತ್ತವೆ. ಶಿಷ್ಯರು ಎಷ್ಟು ಸಲ ಅರ್ಥ ಮಾಡಿಕೊಳ್ಳದೆ ಹೋಗುತ್ತಾರೆ, ಯೇಸು ಎಷ್ಟು ಸಲ ದಣಿಯುತ್ತಾರೆ, ಯಾರ ಜೊತೆ ಊಟಕ್ಕೆ ಕೂರುತ್ತಾರೆ, ಅದನ್ನು ಗಮನಿಸಿ.

ಕನ್ನಡದಲ್ಲಿ ಓದಿ, ಜೋರಾಗಿ ಓದಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು ಮೊಬೈಲಿನ ಇಂಗ್ಲಿಷ್ ಬೈಬಲ್ಲೇ ಸಾಕು ಅನ್ನುತ್ತಾರೆ. ಇಂಗ್ಲಿಷಿನಲ್ಲೂ ಓದಿ, ಬೇಡ ಅನ್ನುವುದಿಲ್ಲ. ಆದರೆ ನೀವು ಅಳುವುದು, ಸಿಟ್ಟಾಗುವುದು, ಅಮ್ಮನ ಹತ್ತಿರ ಮಾತಾಡುವುದು ಕನ್ನಡದಲ್ಲಿ ತಾನೇ? ದೇವರ ಜೊತೆಗಿನ ಮಾತೂ ಆ ಭಾಷೆಯಲ್ಲೇ ಆಳಕ್ಕೆ ಇಳಿಯುತ್ತದೆ. ನಮಗೆ ಇದು ಇವತ್ತು ನಿನ್ನೆಯ ಸೌಕರ್ಯ ಅಲ್ಲ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಯವರು ದುಡಿದು ಕನ್ನಡದ ಹೊಸ ಒಡಂಬಡಿಕೆಯನ್ನು 1820ರ ದಶಕದಲ್ಲಿ ಹೊರತಂದರು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು 1843ರಲ್ಲಿ ಶುರು ಮಾಡಿದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್, ಇಬ್ಬರೂ ಬಾಸೆಲ್ ಮಿಷನ್‌ನವರು. ಕ್ರೈಸ್ತರು ಅಂದರೆ ಇಂಗ್ಲಿಷಿನವರು ಅಂತ ಯಾರಾದರೂ ಅಂದರೆ ಇದನ್ನು ಹೇಳಿ. ನವೆಂಬರ್ 1ಕ್ಕೆ ನಮ್ಮ ಚರ್ಚ್ ಅಂಗಳದಲ್ಲಿ ಬಾವುಟ ಹಾರಿಸುವುದು ಯಾರ ಮೆಚ್ಚುಗೆಗೂ ಅಲ್ಲ, ಅದು ನಮ್ಮದೇ ಹಬ್ಬ.

ಓದುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಚಂದದ ವಚನ ಬರೆದುಕೊಳ್ಳುವುದಕ್ಕಲ್ಲ. ಅರ್ಥವಾಗದ್ದು, ಒಪ್ಪಿಗೆಯಾಗದ್ದು, ಸಿಟ್ಟು ಬರಿಸಿದ್ದು, ಅದನ್ನು ಬರೆಯಿರಿ. ಅಧ್ಯಾಯ, ವಚನದ ನಂಬರ್ ಹಾಕಿ.

ಅನುಮಾನ ಬಂದಾಗ

ಇದರ ಬಗ್ಗೆ ಜಾಸ್ತಿ ಹೇಳಬೇಕು. ಯಾಕೆಂದರೆ ನಮ್ಮ ಸಭೆಗಳಲ್ಲಿ ಇದರ ಬಗ್ಗೆ ಮಾತು ಕಮ್ಮಿ.

ನಾನು ಸೆಕೆಂಡ್ ಪಿ.ಯು.ಸಿ.ಯಲ್ಲಿದ್ದಾಗ ನನ್ನ ಚಿಕ್ಕಪ್ಪನ ಮಗನಿಗೆ ಡೆಂಗಿ ಆಯಿತು. ನನ್ನದೇ ವಯಸ್ಸು. ಒಂದೇ ಬೆಂಚಿನಲ್ಲಿ ಕೂತು ಓದಿದವರು, ಒಂದೇ ಸೈಕಲ್ಲಿನಲ್ಲಿ ಟ್ಯೂಶನ್ನಿಗೆ ಹೋದವರು ನಾವು. ಇಡೀ ಸಭೆ ಉಪವಾಸ ಮಾಡಿ ಪ್ರಾರ್ಥಿಸಿತು. ಅವನು ಉಳಿಯಲಿಲ್ಲ. ಸಮಾಧಿ ಮಾಡಿ ಬಂದ ಮೇಲೆ, ಮನೆಗೆ ಬಂದ ಒಬ್ಬರು ನಮ್ಮ ಚಿಕ್ಕಮ್ಮನ ಮುಂದೆಯೇ, ಪ್ರಾರ್ಥನೆಯಲ್ಲಿ ನಂಬಿಕೆ ಸಾಲದೆ ಹೋಯಿತೇನೋ ಅಂದರು. ಚಿಕ್ಕಮ್ಮ ಏನೂ ಅನ್ನಲಿಲ್ಲ, ಎದ್ದು ಒಳಗೆ ಹೋದರು. ನಾನು ಆಮೇಲೆ ತಿಂಗಳುಗಟ್ಟಲೆ ಚರ್ಚ್‌ನಲ್ಲಿ ಕೂತರೂ ಬಾಯಿ ತೆರೆದು ಹಾಡಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದವರು ಒಬ್ಬ ರಿಟೈರ್ಡ್ ಮೇಷ್ಟ್ರು. ನಮ್ಮ ಸಭೆಯ ಹಿರಿಯರು. ಅವರು ಸಮಾಧಾನ ಹೇಳಲಿಲ್ಲ. ಒಂದು ಸಂಜೆ ಮನೆಗೆ ಕರೆದು ಕಾಫಿ ಕೊಟ್ಟು, 88ನೇ ಕೀರ್ತನೆ ತೆಗೆದು ನನ್ನ ಕೈಗೆ ಕೊಟ್ಟರು. "ಓದು, ಪೂರ್ತಿ ಓದು" ಅಂದರು. ಓದಿದೆ. ಗೋಳಿನ ಕೀರ್ತನೆಗಳಲ್ಲಿ ಬಹಳಷ್ಟು ಎಷ್ಟೇ ಗೋಳಾಡಿದರೂ ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದೇ ಇಲ್ಲ. ಕೊನೆಗೂ ಕತ್ತಲೆಯೇ. "ಇದನ್ನೂ ಸತ್ಯವೇದದಲ್ಲಿ ಇಟ್ಟಿದ್ದಾರೆ ನೋಡಪ್ಪ" ಅಂದರು, ಅಷ್ಟೇ. ನನ್ನ ಸಿಟ್ಟಿಗೂ ದೇವರ ಮುಂದೆ ಜಾಗ ಇದೆ ಅಂತ ನನಗೆ ಅವತ್ತು ಗೊತ್ತಾಯಿತು. ಇವತ್ತು ನಾನು ಯಾಕೆ ನಂಬುತ್ತೇನೆ ಅಂತ ಯಾರಾದರೂ ಕೇಳಿದರೆ ಅಲ್ಲಿಂದಲೇ ಹೇಳೋಕೆ ಶುರು ಮಾಡುತ್ತೇನೆ. ಶಿಲುಬೆಯ ಮೇಲೆ ಯೇಸು ಕೂಗಿದ್ದೂ ಅಂಥದೇ ಮಾತು, ಯಾಕೆ ನನ್ನ ಕೈಬಿಟ್ಟೆ ಅಂತ. ದುಃಖದ ಹೊರಗೆ ನಿಂತು ಉಪದೇಶ ಮಾಡುವ ದೇವರಾಗಿದ್ದರೆ ನಾನು ಉಳಿಯುತ್ತಿರಲಿಲ್ಲ.

ಹಾಗಾಗಿ ನಿಮಗೆ ಅನುಮಾನ ಬಂದಾಗ ಮಾಡಬೇಕಾದದ್ದು: ಒಬ್ಬರೇ ಇಟ್ಟುಕೊಳ್ಳಬೇಡಿ. ಯಾರ ಹತ್ತಿರ ಹೇಳಬೇಕು ಅನ್ನುವುದನ್ನು ನೋಡಿ ಆರಿಸಿ. ಸಾವಿನ ಮನೆಯಲ್ಲಿ ಯಾರು ಬೇಗ ಮಾತಾಡುತ್ತಾರೆ, ಯಾರು ಸುಮ್ಮನೆ ಕೂತು ಪಾತ್ರೆ ತೊಳೆದು ಹೋಗುತ್ತಾರೆ ಅಂತ ಗಮನಿಸಿ. ಎರಡನೆಯವರ ಹತ್ತಿರ ಹೋಗಿ. ಸತ್ಯವೇದದಲ್ಲಿ ಎಲ್ಲ ಕಳಕೊಂಡ ಯೋಬನ ಗೆಳೆಯರು ಏಳು ದಿನ ಬಾಯಿ ಬಿಡದೆ ನೆಲದ ಮೇಲೆ ಕೂತಿದ್ದರು; ಅವರು ಚೆನ್ನಾಗಿ ನಡೆದುಕೊಂಡದ್ದು ಆ ಏಳು ದಿನ ಮಾತ್ರ.

ಓದಿನಿಂದ ಬರುವ ಅನುಮಾನ ಬೇರೆ. ವಿಜ್ಞಾನ ಓದುವ ಹುಡುಗಿ ಕೇಳುತ್ತಾಳೆ, ಆರು ದಿನದಲ್ಲಿ ಸೃಷ್ಟಿ ಅಂದರೆ ಹೇಗೆ ಅಂತ. ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅಯ್ಯನವರ ಹತ್ತಿರ ಹೋಗಿ. ಅವರು ಥಿಯಲಾಜಿಕಲ್ ಕಾಲೇಜಿನಲ್ಲಿ ವರ್ಷಗಟ್ಟಲೆ ಇದನ್ನೇ ಓದಿದವರು. ಬಹಳ ಜನ ಅವರನ್ನು ಮದುವೆಗೆ, ಗೃಹಪ್ರವೇಶಕ್ಕೆ ಮಾತ್ರ ಕರೆಯುತ್ತಾರೆ. ಒಬ್ಬ ಇಪ್ಪತ್ತರ ಹುಡುಗ ನೋಟ್‌ಬುಕ್ ಹಿಡಿದು ಬಂದರೆ ಖುಷಿಪಡುತ್ತಾರೆ. ಪ್ರಶ್ನೆ ಕೇಳಿದರೆ ದೇವರಿಗೆ ಸಿಟ್ಟು ಬರುತ್ತದೆ ಅಂತ ಯಾರಾದರೂ ಹೆದರಿಸಿದರೆ ಲೂಕನ ಎರಡನೇ ಅಧ್ಯಾಯ ತೋರಿಸಿ. ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕೂತು ಕೇಳಿಸಿಕೊಳ್ಳುತ್ತಾ, ಪ್ರಶ್ನೆ ಹಾಕುತ್ತಾ ಇದ್ದರು.

ಪ್ರಾರ್ಥನೆ ಬರದ ದಿನಗಳಲ್ಲಿ 13ನೇ ಕೀರ್ತನೆ ಓದಿ. ಆರೇ ವಚನ. ಎಲ್ಲಿಯ ತನಕ, ಎಲ್ಲಿಯ ತನಕ ಅಂತ ಕೇಳುವ ಕೀರ್ತನೆ ಅದು. ಅದೂ ಆಗದಿದ್ದರೆ ಮಾರ್ಕನ 9ನೇ ಅಧ್ಯಾಯದಲ್ಲಿ ಒಬ್ಬ ತಂದೆ ಹೇಳುವ ಮಾತು ಸಾಕು: ನಂಬುತ್ತೇನೆ, ನಂಬಿಕೆ ಸಾಲದ ಕಡೆ ನೀನೇ ಸಹಾಯ ಮಾಡು.

ದೃಢೀಕರಣಕ್ಕೆ ಮೊದಲು

ಸಿ.ಎಸ್.ಐ.ನಲ್ಲಿ ಬಿಷಪ್ಪರು ಬಂದು ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಚಿಕ್ಕವರಿದ್ದಾಗ ನಿಮ್ಮ ಪರವಾಗಿ ತಂದೆತಾಯಿ ಕೊಟ್ಟ ಮಾತನ್ನು ಈಗ ನೀವೇ ಎದ್ದು ನಿಂತು ಕೊಡುತ್ತೀರಿ. ಕಥೋಲಿಕರಲ್ಲೂ ದೃಢೀಕರಣ ಇದೆ. ಪೆಂತೆಕೋಸ್ತ್, ಬ್ರದರನ್ ಸಭೆಗಳಲ್ಲಿ ತಿಳಿವಳಿಕೆ ಬಂದ ಮೇಲೆ ನೀರಿನಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡುತ್ತಾರೆ. ಕ್ರಮ ಬೇರೆ ಆದರೂ ಕೇಳುವ ಪ್ರಶ್ನೆ ಒಂದೇ, ಇದು ನಿನ್ನದೇ ಮಾತಾ ಅಂತ.

ಬಿಳಿ ಬಟ್ಟೆ ಹೊಲಿಸಿ ಆಯಿತು, ನೆಂಟರಿಗೆ ಹೇಳಿ ಆಯಿತು, ಅದಕ್ಕೆ ಹೋಗುತ್ತೇನೆ ಅನ್ನಬೇಡಿ. ಇನ್ನೊಂದು ವರ್ಷ ಬೇಕು ಅನ್ನಿಸಿದರೆ ಅಪ್ಪ ಅಮ್ಮನಿಗೆ ಹೇಳಿ, ಅಯ್ಯನವರಿಗೂ ಹೇಳಿ. ಬೇಜಾರು ಮಾಡಿಕೊಳ್ಳುತ್ತಾರೆ, ಆಮೇಲೆ ಸರಿಯಾಗುತ್ತಾರೆ. ನನ್ನ ಕ್ಲಾಸಿನಲ್ಲಿ ಒಬ್ಬಳು ಹೀಗೆ ಹೇಳಿ ಮುಂದಿನ ವರ್ಷ ಬಂದಳು. ಅವತ್ತು ಅವಳು ಕೊಟ್ಟ ಉತ್ತರದಷ್ಟು ಗಟ್ಟಿ ದನಿ ನಾನು ಬೇರೆ ಯಾರಲ್ಲೂ ಕೇಳಿಲ್ಲ.

ತಯಾರಿಗೆ ಅಪೊಸ್ತಲರ ವಿಶ್ವಾಸ ಪ್ರಮಾಣವನ್ನು (ಏನು ನಂಬುತ್ತೇವೆ ಅಂತ ಆರಾಧನೆಯಲ್ಲಿ ಒಟ್ಟಿಗೆ ಹೇಳುವ ಸಾಲುಗಳನ್ನು) ವಾರಕ್ಕೆ ಒಂದು ಸಾಲು ಹಿಡಿದುಕೊಳ್ಳಿ. ಆ ಸಾಲನ್ನು ನಿಮ್ಮ ಮಾತಲ್ಲಿ ಬರೆದು ನೋಡಿ. ಅದರಲ್ಲಿ ಪೊಂತ್ಯ ಪಿಲಾತ ಅನ್ನುವ ರೋಮನ್ ಅಧಿಕಾರಿಯ ಹೆಸರು ಬರುತ್ತದೆ, ಯಾಕೆ ಅಂತ ಯೋಚಿಸಿದ್ದೀರಾ? ಇದು ಒಂದಾನೊಂದು ಕಾಲದ ಕಥೆ ಅಲ್ಲ, ಇಂಥ ಅಧಿಕಾರಿಯ ಕಾಲದಲ್ಲಿ, ಇಂಥ ಊರಿನಲ್ಲಿ ನಡೆದದ್ದು ಅಂತ ಹೇಳುವುದಕ್ಕೆ. ಕ್ಲಾಸಿನಲ್ಲಿ ಈ ಸಾಲಿಗೆ ಬಂದಾಗ ಹುಡುಗರು ನೆಟ್ಟಗೆ ಕೂರುತ್ತಾರೆ.

ಆಯುಧಪೂಜೆ, ಪ್ರಸಾದ, ಗೆಳೆಯರ ಮನೆ ಊಟ

2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಕ್ರೈಸ್ತರು ಶೇಕಡ 1.87. ಅಂದರೆ ನಿಮ್ಮ ಕ್ಲಾಸಿನಲ್ಲಿ, ನಿಮ್ಮ ಶಿಫ್ಟಿನಲ್ಲಿ ನೀವು ಒಬ್ಬರೇ ಇರುವುದು ಜಾಸ್ತಿ. ಅದಕ್ಕೆ ಮೊದಲೇ ಯೋಚಿಸಿ ಒಂದು ನಿರ್ಧಾರಕ್ಕೆ ಬನ್ನಿ. ತಟ್ಟೆ ಮುಂದೆ ಬಂದಾಗ ಯೋಚಿಸೋಕೆ ಕೂತರೆ ಮುಖ ಕೆಡುತ್ತದೆ, ಎದುರಿನವರಿಗೂ ನೋವಾಗುತ್ತದೆ.

ಇದರ ಬಗ್ಗೆ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯ, ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ಓದಿ. ಸುತ್ತ ಎಲ್ಲ ಬೇರೆ ದೇವರ ಪೂಜೆ ನಡೆಯುವ ಊರಿನಲ್ಲಿದ್ದ ಸಣ್ಣ ಸಭೆಗೆ ಅವನು ಬರೆದದ್ದು. ನಮಗೆ ಇದಕ್ಕಿಂತ ಹತ್ತಿರದ ಮಾತು ಇಲ್ಲ. ಕರೆದವರ ಮನೆಗೆ ಹೋಗಿ, ಬಡಿಸಿದ್ದನ್ನು ಉಣ್ಣಿ ಅನ್ನುತ್ತಾನೆ. ಇದು ದೇವರಿಗೆ ಇಟ್ಟದ್ದು ಅಂತ ಯಾರಾದರೂ ಎತ್ತಿ ಹೇಳಿದರೆ ಅವರ ಮನಸ್ಸಿನ ಸಲುವಾಗಿ ಬಿಡಿ ಅನ್ನುತ್ತಾನೆ. ತಿನ್ನುವವನು ತಿನ್ನದವನನ್ನು ಹೀಯಾಳಿಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು ಅಂತಲೂ ಅನ್ನುತ್ತಾನೆ. ನಮ್ಮ ಯೂತ್‌ನಲ್ಲಿ ಇಬ್ಬರೂ ಇದ್ದಾರೆ, ಇಬ್ಬರೂ ಒಟ್ಟಿಗೆ ಗಿಟಾರ್ ಬಾರಿಸುತ್ತಾರೆ.

ನಾನು ಮಾಡುವುದು ಹೇಳುತ್ತೇನೆ. ಆಯುಧಪೂಜೆಯ ಹಿಂದಿನ ದಿನ ಎಲ್ಲರ ಜೊತೆ ಕೂತು ನನ್ನ ಗೇಜುಗಳು, ಮೈಕ್ರೋಮೀಟರ್ ಎಲ್ಲ ಒರೆಸಿ ಎಣ್ಣೆ ಹಚ್ಚುತ್ತೇನೆ. ಮಾವಿನ ತೋರಣ ಕಟ್ಟುತ್ತೇನೆ. ಪೂಜೆಯ ದಿನ ಬೂದುಗುಂಬಳ ಒಡೆಯುವಾಗ, ಮಂಗಳಾರತಿ ಆಗುವಾಗ ಹಿಂದೆ ಕೈಕಟ್ಟಿ ನಿಂತಿರುತ್ತೇನೆ. ಆರತಿ ತಗೊಳ್ಳುವುದಿಲ್ಲ, ಕುಂಕುಮ ಇಟ್ಟುಕೊಳ್ಳುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ನಮ್ಮ ಸೂಪರ್‌ವೈಸರ್‌ಗೆ ಒಂದು ದಿನ ಮುಂಚೆ ಹೋಗಿ, "ಸಾರ್, ನಮ್ಮಲ್ಲಿ ಹೀಗೆ, ತಪ್ಪು ತಿಳ್ಕೋಬೇಡಿ" ಅಂತ ಹೇಳಿದ್ದೆ. "ಅದಕ್ಕೇನಪ್ಪ, ಸ್ವೀಟ್ ತಗೋತೀಯಲ್ಲ?" ಅಂದರು. ಪೂಜೆ ಮುಗಿದ ಮೇಲೆ ಹಂಚುವ ಸ್ವೀಟ್ ಬಾಕ್ಸ್ ತಗೊಂಡು ಮನೆಗೆ ಬರುತ್ತೇನೆ. ಡಿಸೆಂಬರ್‌ನಲ್ಲಿ ನಮ್ಮಮ್ಮ ಮಾಡಿದ ಕರ್ಜಿಕಾಯಿ, ರೋಸ್ ಕುಕ್ಕೀಸ್ ಇಡೀ ಡಿಪಾರ್ಟ್‌ಮೆಂಟಿಗೆ ಹೋಗುತ್ತವೆ. ಅಲ್ಲಿ ಯಾರೂ ಬೇಡ ಅಂದದ್ದಿಲ್ಲ.

ನೀವು ನನ್ನ ಹಾಗೇ ಮಾಡಬೇಕು ಅಂತಿಲ್ಲ. ಏನೇ ಮಾಡಿ, ಮೂಗು ಮುರಿಯಬೇಡಿ. ಬೇರೆಯವರ ದೇವರನ್ನು ಹಳಿದು ನಮ್ಮ ನಂಬಿಕೆ ಗಟ್ಟಿಯಾಗುವುದಿಲ್ಲ. ಸಿದ್ಧಗಂಗೆಯ ಮಠದಲ್ಲಿ ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಓದು ಸಿಗುವುದನ್ನು ನೋಡಿಕೊಂಡು ಬೆಳೆದವರು ನಾವು. 2019ರ ಜನವರಿಯಲ್ಲಿ ಶಿವಕುಮಾರ ಸ್ವಾಮೀಜಿ ತೀರಿಕೊಂಡಾಗ ಇಡೀ ತುಮಕೂರಿನ ಜೊತೆ ನಮ್ಮ ಮನೆಯಲ್ಲೂ ದುಃಖ ಇತ್ತು. ಒಳ್ಳೆಯದನ್ನು ಒಳ್ಳೆಯದು ಅಂತ ಮನಸಾರೆ ಹೇಳಿ. ಯೇಸುವಿಗೆ ಅದರಿಂದ ಏನೂ ಕಮ್ಮಿಯಾಗುವುದಿಲ್ಲ.

ಬೆಂಗಳೂರಿಗೆ ಹೋದ ಮೇಲೆ

ತುಮಕೂರಿನಿಂದ ಹೋಗುವ ನಮ್ಮ ಹುಡುಗರು ನಂಬಿಕೆ ಬಿಡುವುದು ವಾದ ಸೋತು ಅಲ್ಲ. ಪಿ.ಜಿ.ಯಲ್ಲಿ ಭಾನುವಾರ ಹತ್ತು ಗಂಟೆ ತನಕ ಮಲಗಿ ಮಲಗಿಯೇ ಅದು ಬಿಟ್ಟುಹೋಗುತ್ತದೆ. ಹೋದ ಮೊದಲ ತಿಂಗಳಲ್ಲೇ ಒಂದು ಸಭೆ ನೋಡಿಕೊಳ್ಳಿ. ಕನ್ನಡದ ಆರಾಧನೆ ಬೇಕು ಅಂದರೆ ಕಾರ್ಪೊರೇಷನ್ ಹತ್ತಿರದ ಹಡ್ಸನ್ ಚರ್ಚ್ ಇದೆ, ಅವೆನ್ಯೂ ರಸ್ತೆಯಲ್ಲಿ ರೈಸ್ ಮೆಮೋರಿಯಲ್ ಚರ್ಚ್ ಇದೆ. ಆ ರೈಸ್ ಅವರ ಮಗನೇ ನಮ್ಮ ನಾಡಿನ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್. ವಾರಕ್ಕೊಂದು ಚರ್ಚ್ ರುಚಿ ನೋಡುತ್ತಾ ತಿರುಗಬೇಡಿ. ನಿಮ್ಮ ಹೆಸರು ಗೊತ್ತಿರುವ, ಎರಡು ವಾರ ಬಾರದಿದ್ದರೆ ಫೋನ್ ಮಾಡುವ ಜನ ಇರುವ ಕಡೆ ನಿಲ್ಲಿ.

ದೊಡ್ಡ ಸ್ಪೀಕರ್, ಲೈಟು ಇರುವ ಕೂಟಗಳಿಗೆ ಗೆಳೆಯರು ಕರೆಯುತ್ತಾರೆ. ಹಾಡು ಚೆನ್ನಾಗಿರುತ್ತದೆ, ಹೋಗಿ ನೋಡಿ. ಆದರೆ ಮಾತ್ರೆ ಬಿಡಿ, ಪ್ರಾರ್ಥನೆ ಸಾಕು ಅಂದರೆ ಅಲ್ಲಿಂದ ಎದ್ದು ಬನ್ನಿ. ಇಷ್ಟು ದುಡ್ಡು ಕೊಟ್ಟರೆ ಇಂಥ ಆಶೀರ್ವಾದ ಅಂತ ರೇಟು ಹೇಳಿದರೂ ಎದ್ದು ಬನ್ನಿ. ಕಾಣಿಕೆಯ ಲೆಕ್ಕ ಯಾರಿಗೆ ಒಪ್ಪಿಸುತ್ತೀರಿ ಅಂತ ಕೇಳಿದ್ದಕ್ಕೆ ಸಿಟ್ಟು ಬಂದರೆ ಆ ಕಡೆ ಮತ್ತೆ ಹೋಗಬೇಡಿ.

ಕಾಗದದ ಮೇಲಿನ ಹೆಸರು

ಹದಿನೆಂಟು ತುಂಬಿದ ಮೇಲೆ ಎಲ್ಲ ಅರ್ಜಿಗೂ ನೀವೇ ಸಹಿ ಹಾಕಬೇಕು. ಧರ್ಮ, ಜಾತಿ ಅನ್ನುವ ಕಾಲಂ ಮುಂದೆ ನಮ್ಮಲ್ಲಿ ಬಹಳ ಮನೆಗಳ ಮಕ್ಕಳು ತಡೆದು ನಿಲ್ಲುತ್ತಾರೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಇದ್ದದ್ದು ಹಿಂದೂಗಳಿಗೆ ಮಾತ್ರ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ದಲಿತ ಕ್ರೈಸ್ತರು ಇನ್ನೂ ಹೊರಗೇ. ಚರ್ಚ್‌ಗೆ ಬಂದ ಮಾತ್ರಕ್ಕೆ ಊರಿನಲ್ಲಿ ಯಾರೂ ಬೀದಿ ಬದಲಾಯಿಸಿ ಕೊಡಲಿಲ್ಲ. ಇದು ಅನ್ಯಾಯ ಅಂತ ನಾನು ನಂಬುತ್ತೇನೆ.

ಅದಕ್ಕೆ ಎರಡು ಹೆಸರು, ಎರಡು ಕಾಗದ ಇಟ್ಟುಕೊಂಡ ಮನೆಗಳ ಮಕ್ಕಳನ್ನು ಬೆರಳು ತೋರಿಸಿ ಬೈಯುವವರ ಜೊತೆ ನಾನು ಸೇರುವುದಿಲ್ಲ. ಆದರೆ ಗೊತ್ತಿಲ್ಲದೆ ಸಹಿ ಹಾಕಬೇಡಿ. ನಿಮ್ಮ ಶಾಲೆಯ ಟಿ.ಸಿ., ಜಾತಿ ಪ್ರಮಾಣಪತ್ರ, ದೀಕ್ಷಾಸ್ನಾನದ ಸರ್ಟಿಫಿಕೇಟ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೆಸರು, ಸ್ಪೆಲ್ಲಿಂಗ್, ಧರ್ಮ ಹೊಂದುತ್ತವಾ? ಹೊಂದದಿದ್ದರೆ ಅಪ್ಪನ ಹತ್ತಿರ ಸಮಾಧಾನವಾಗಿ ಕೇಳಿ. ಆಮೇಲೆ ನಂಬಿಕೆ ಇರುವ ಒಬ್ಬ ವಕೀಲರ ಹತ್ತಿರ ಹೋಗಿ ಸರಿಯಾದ ದಾರಿ ತಿಳಿದುಕೊಳ್ಳಿ. ಕೆಲಸ ಸಿಕ್ಕ ಮೇಲೆ ತಲೆನೋವು ಪಡುವುದಕ್ಕಿಂತ ಇದು ಒಳ್ಳೆಯದು.

ಮದುವೆಯ ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ. ಬೇರೆ ಧರ್ಮದವರನ್ನು ಇಷ್ಟಪಟ್ಟಿದ್ದರೆ, ಮದುವೆಗೋಸ್ಕರ ಯಾರೂ ದೀಕ್ಷಾಸ್ನಾನ ತಗೊಳ್ಳುವುದು ಬೇಡ, ನೀವೂ ನಿಮ್ಮದನ್ನು ಬಿಡುವುದು ಬೇಡ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ 30 ದಿನದ ನೋಟಿಸ್ ಕೊಟ್ಟು ಇಬ್ಬರೂ ಇದ್ದ ಹಾಗೇ ಮದುವೆ ಆಗಬಹುದು. ಮನೆಯವರಿಗೆ ಹೇಳುವ ಮೊದಲು ನಿಮ್ಮಿಬ್ಬರ ಮಧ್ಯೆ, ಮಕ್ಕಳನ್ನು ಹೇಗೆ ಬೆಳೆಸುವುದು ಅನ್ನುವ ಮಾತು ಮುಗಿದಿರಲಿ.

ಒಂದು ಕೆಲಸ ಹಿಡಿಯಿರಿ

ಓದಿದ್ದು, ಕೇಳಿದ್ದು ಎಲ್ಲ ಕೈಗೆ ಇಳಿಯುವುದು ಕೆಲಸದಲ್ಲಿ. ಸಭೆಯಲ್ಲಿ ಏನಾದರೂ ಒಂದು ಕೆಲಸ ನಿಮ್ಮ ಹೆಸರಿಗೆ ಇರಲಿ. ವೇದಿಕೆ ಮೇಲಿನದೇ ಆಗಬೇಕಿಲ್ಲ. ನಾನು ಮೊದಲು ಮಾಡಿದ್ದು ಸುಗ್ಗಿ ಹಬ್ಬದ ಹರಾಜಿನ ಲೆಕ್ಕ ಬರೆಯುವುದು. ಹಳ್ಳಿಯ ಕಡೆಯವರು ರಾಗಿ, ತೆಂಗಿನಕಾಯಿ, ಹುಣಸೆಹಣ್ಣು, ಕೋಳಿ ತರುತ್ತಾರೆ. ಒಂದು ಕುಂಬಳಕಾಯಿಯನ್ನು ಅಂಗಡಿಯ ಬೆಲೆಯ ಹತ್ತರಷ್ಟಕ್ಕೆ ಕೂಗಿ ತಗೊಂಡು, ಮತ್ತೆ ಹರಾಜಿಗೇ ವಾಪಸ್ ಇಡುತ್ತಾರೆ. ಯಾರು ಕೊಟ್ಟರು, ಯಾರು ಕೂಗಿದರು ಅಂತ ಬರೆಯುತ್ತಾ ಕೂತಾಗ ಸಭೆಯ ಅಷ್ಟೂ ಮನೆಗಳ ಪರಿಚಯ ನನಗೆ ಆಯಿತು.

ಎಲ್ಲಕ್ಕಿಂತ ಚೆನ್ನಾಗಿ ಕಲಿಸುವುದು ಸಂಡೇ ಸ್ಕೂಲಿನ ಚಿಕ್ಕ ಮಕ್ಕಳ ಕ್ಲಾಸ್. ಮೂರನೇ ಕ್ಲಾಸಿನ ಮಕ್ಕಳು ಬಾಯಿಪಾಠದ ಮಾತನ್ನು ಒಪ್ಪುವುದಿಲ್ಲ. "ಅಣ್ಣಾ, ದೇವ್ರು ನೋಹನ ಹಡಗಿಗೆ ಬೇರೆ ಮಕ್ಕಳನ್ನ ಯಾಕೆ ಹತ್ತಿಸ್ಲಿಲ್ಲ?" ಅಂತ ನೇರವಾಗಿ ಕೇಳಿಬಿಡುತ್ತಾರೆ. ಅಲ್ಲಿ ನಿಂತು, ಆ ಮಗುವಿನ ಕಣ್ಣು ನೋಡಿ, ನಿಮಗೆ ನಿಜ ಅಂತ ಅನ್ನಿಸಿದ್ದನ್ನು ಮಾತ್ರ ಹೇಳಬೇಕಾಗುತ್ತದೆ. "ನನಗೂ ಗೊತ್ತಿಲ್ಲ, ಮುಂದಿನ ವಾರ ಕೇಳ್ಕೊಂಡು ಬರ್ತೀನಿ" ಅಂದರೂ ಸರಿ, ಆದರೆ ಮುಂದಿನ ವಾರ ಮರೆಯಬೇಡಿ, ಅವರು ಮರೆಯುವುದಿಲ್ಲ.

ವಿ.ಬಿ.ಎಸ್.ಗೆ ಟೀಚರ್‌ಗಳು ಎಲ್ಲ ಸಭೆಯಲ್ಲೂ ಬೇಕಾಗಿರುತ್ತಾರೆ. ಸಾಮಾನ್ಯವಾಗಿ ಅದು ಬೇಸಿಗೆ ರಜೆಯಲ್ಲಿ, ತರಬೇತಿ ಅದಕ್ಕೂ ಮೊದಲು. ಮಾರ್ಚ್ ಬರುವಷ್ಟರಲ್ಲಿ ನಿಮ್ಮ ಸಂಡೇ ಸ್ಕೂಲ್ ಸೂಪರಿಂಟೆಂಡೆಂಟ್ ಅವರಿಗೆ ಹೆಸರು ಕೊಟ್ಟುಬಿಡಿ. ಕೆಲಸಕ್ಕೆ ಹೋಗುವವರು ಬೆಳಗಿನ ಹೊತ್ತು ಆಗುವುದಿಲ್ಲ ಅಂತ ಹಿಂದೆ ಸರಿಯಬೇಡಿ. ಕ್ರಾಫ್ಟ್ ಕತ್ತರಿಸುವುದು, ಹಾಡು ಕಲಿಸುವುದು, ಕೊನೆಯ ದಿನದ ಕಾರ್ಯಕ್ರಮಕ್ಕೆ ಮಕ್ಕಳನ್ನು ತಯಾರು ಮಾಡುವುದು ಸಂಜೆಯೂ ನಡೆಯುತ್ತದೆ.